ಬಲ್ಬು ಉರಿಯುತ್ತಿತ್ತು, ರಿಲೇ ಸುಮ್ಮನಿತ್ತು: ಅರ್ತ್ ಲೀಕೇಜ್ ರಿಲೇ ಕೂರಿಸಿದ 11 ದಿನ

ವರ್ಕ್‌ಶಾಪಿನ ಮುಖ್ಯ ಪ್ಯಾನಲ್‌ಗೆ ಅರ್ತ್ ಲೀಕೇಜ್ ರಿಲೇ (ಕರೆಂಟ್ ಅರ್ತ್‌ಗೆ ಸೋರಿದರೆ ಬ್ರೇಕರ್ ಬೀಳಿಸುವ ಸಾಧನ) ಹಾಕುವ ಕೆಲಸ ನಿನ್ನೆ ಮುಗಿಯಿತು. ಒಂದೂವರೆ ದಿನದ ಕೆಲಸ ಅಂದುಕೊಂಡಿದ್ದೆ, 11 ದಿನ ಹಿಡಿಯಿತು. ಅದರಲ್ಲಿ ಮೂರು ದಿನ ರಿಲೇ ಕೆಲಸ ಮಾಡುತ್ತಿದೆ ಎಂದೇ ನಂಬಿದ್ದೆ, ಆದರೆ ಅದು ಮಾಡುತ್ತಿರಲಿಲ್ಲ. ಟೆಸ್ಟ್ ಬಟನ್ ಒತ್ತಿದಾಗೆಲ್ಲ ಬ್ರೇಕರ್ ಟಕ್ ಅಂತ ಬೀಳುತ್ತಿತ್ತು. ಆ ಸದ್ದನ್ನೇ ನಂಬಿ ಕೂತೆ. ಯಾರಿಗಾದರೂ ಉಪಯೋಗವಾಗಲಿ ಅಂತ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದನ್ನು ದಿನದ ಪ್ರಕಾರ ಹಾಕುತ್ತಿದ್ದೇನೆ.

ಪ್ಯಾನಲ್ ಬಗ್ಗೆ ಎರಡು ಮಾತು. ಒಳಬರುವ ಕೇಬಲ್ 70 ಸ್ಕ್ವೇರ್ ಎಂಎಂ, ಮೂರೂವರೆ ಕೋರ್ (ಮೂರು ಫೇಸ್, ಜೊತೆಗೆ ಅರ್ಧ ಗಾತ್ರದ ನ್ಯೂಟ್ರಲ್, ಹೀಗೆ ಒಟ್ಟು ನಾಲ್ಕು ತಂತಿ), ಅಲ್ಯೂಮಿನಿಯಂ, ಆರ್ಮರ್ (ಕೇಬಲ್ ಸುತ್ತಲಿನ ಲೋಹದ ಕವಚ) ಇರುವಂಥದ್ದು. ಅದರ ಮೇಲೆ 125 ಆಂಪ್, ನಾಲ್ಕು ಪೋಲ್ ಎಂಸಿಸಿಬಿ, ಅಂದರೆ ಇಡೀ ಪ್ಯಾನಲ್‌ನ ಮುಖ್ಯ ಬ್ರೇಕರ್. ಹೊರಹೋಗುವ ಲೈನ್ ಐದು: ಲೇತ್‌ಗಳು, 15 ಕಿಲೋವ್ಯಾಟ್ ಕಂಪ್ರೆಸರ್, 18 ಕಿಲೋವ್ಯಾಟ್ ಓವನ್, ಲೈಟು ಮತ್ತು ಸಾಕೆಟ್, ಡ್ರೈವ್ (ಮೋಟಾರ್ ವೇಗ ಹೊಂದಿಸುವ ಎಲೆಕ್ಟ್ರಾನಿಕ್ ಸಾಧನ) ಮೇಲೆ ಓಡುವ ನೀರಿನ ಪಂಪ್. ಲೀಕೇಜ್ ಹಿಡಿಯುವ ಸಾಧನ ಇದರಲ್ಲಿ ಒಂದೂ ಇರಲಿಲ್ಲ.

1ನೇ ದಿನ: ಓವನ್ ಬಾಗಿಲು

"ಅಣ್ಣಾ, ಬಾಗಿಲು ಮುಟ್ಟಿದ್ರೆ ಜುಮ್ ಅಂತಿದೆ" ಅಂತ ಹೆಲ್ಪರ್ ಹುಡುಗ ಬಂದು ಹೇಳಿದ. ರಬ್ಬರ್ ಅಡಿಯ ಶೂ ಹಾಕಿದ್ದ, ಅದಕ್ಕೇ ಜುಮ್ ಅಂದಿದ್ದು. ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತು ಮುಟ್ಟಿದ್ದರೆ ಬಂದು ಹೇಳಲು ಅವನು ಇರುತ್ತಿದ್ದನೋ ಇಲ್ಲವೋ.

ಮೀಟರ್ ಹಿಡಿದು ಓವನ್ ಬಾಡಿಗೂ ಪಕ್ಕದ ಅರ್ತ್ ಪಟ್ಟಿಗೂ ನೋಡಿದೆ. 96 ವೋಲ್ಟ್. ಓವನ್‌ನ ಅರ್ತ್ ವೈರ್ ನೋಡಲು ಸರಿಯಾಗಿಯೇ ಇತ್ತು. ಮೆಲ್ಲಗೆ ಎಳೆದೆ, ಕೈಗೇ ಬಂತು. ಲಗ್ (ವೈರ್ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು) ಒಳಗೆ ತಾಮ್ರ ತುಂಡಾಗಿತ್ತು, ಮೇಲಿನ ಪಿವಿಸಿ ಮಾತ್ರ ಹಿಡಿದುಕೊಂಡಿತ್ತು.

ಓವನ್ ಆಫ್ ಮಾಡಿ, ಹೊಸ ಲಗ್ ಕ್ರಿಂಪ್ ಮಾಡಿ, ಮತ್ತೆ ಆನ್ ಮಾಡಿ ಅರ್ತ್ ವೈರ್ ಸುತ್ತ ಲೀಕೇಜ್ ಕ್ಲ್ಯಾಂಪ್ (ವೈರ್ ಬಿಚ್ಚದೆ ಸಣ್ಣ ಕರೆಂಟ್ ಅಳೆಯುವ ಮೀಟರ್) ಹಾಕಿದೆ. 180 ಮಿಲಿಆಂಪ್. ಓವನ್‌ನ ಬ್ರೇಕರ್ 40 ಆಂಪ್‌ನದು. ಅದಕ್ಕೆ 0.18 ಆಂಪ್ ಲೆಕ್ಕಕ್ಕೇ ಇಲ್ಲ, ವರ್ಷಗಟ್ಟಲೆ ಹೀಗೇ ಹರಿದರೂ ಬೀಳುವುದಿಲ್ಲ. ಮಾಲೀಕರಿಗೆ ಮೀಟರ್ ತೋರಿಸಿದೆ. ರಿಲೇ ಹಾಕೋಣ ಅಂದರು.

ಹಾಕುವ ಮೊದಲು ಇಡೀ ಪ್ಯಾನಲ್‌ನಲ್ಲಿ ಈಗ ಎಷ್ಟು ಸೋರುತ್ತಿದೆ ಎಂದು ತಿಳಿಯಬೇಕಿತ್ತು. ಪ್ರತಿ ಲೈನ್‌ನ ಫೇಸ್‌ಗಳು ಮತ್ತು ನ್ಯೂಟ್ರಲ್ ಎಲ್ಲವನ್ನೂ ಒಟ್ಟಿಗೆ ಕ್ಲ್ಯಾಂಪ್ ಒಳಗೆ ತೆಗೆದುಕೊಂಡು, ಅರ್ತ್ ವೈರ್ ಹೊರಗೆ ಬಿಟ್ಟು ಅಳೆದೆ:

ಲೇತ್‌ಗಳು: 6 ಮಿಲಿಆಂಪ್
ಕಂಪ್ರೆಸರ್: 4
ಓವನ್: 180
ಲೈಟು, ಸಾಕೆಟ್: 14
ಪಂಪ್, ಡ್ರೈವ್ ಸೇರಿ: 25

ಕೂಡಿದರೆ 229. ಆದರೆ ಒಳಬರುವ ನಾಲ್ಕೂ ಕೋರ್ ಸೇರಿಸಿ ಅಳೆದಾಗ ಬಂದಿದ್ದು 210. ಕ್ಲ್ಯಾಂಪ್ ತಪ್ಪು ತೋರಿಸುತ್ತಿಲ್ಲ. ಬೇರೆ ಬೇರೆ ಫೇಸ್‌ನ ಸೋರಿಕೆ ಒಂದನ್ನೊಂದು ಸ್ವಲ್ಪ ಹೊಡೆದುಹಾಕುತ್ತದೆ, ಸುಮ್ನೆ ಕೂಡಿದರೆ ತಾಳೆಯಾಗುವುದಿಲ್ಲ.

ಇಲ್ಲಿ ಒಂದು ತಪ್ಪು ಮಾಡಿದೆ. ಅಳೆದಿದ್ದು ಮಧ್ಯಾಹ್ನ 3 ಗಂಟೆಗೆ. ಅದರ ಬೆಲೆ 4ನೇ ದಿನ ಸಂಜೆ ತೆತ್ತೆ.

2 ಮತ್ತು 3ನೇ ದಿನ: ಮೊದಲು ಓವನ್

ರಿಲೇಯನ್ನು 300 ಮಿಲಿಆಂಪ್‌ಗೆ ಇಡಬೇಕೆಂದಿದ್ದೆ. ಮಾಮೂಲಿ ಸೋರಿಕೆ ಸೆಟ್ಟಿಂಗ್‌ನ 30 ಶೇಕಡಾ ಮೀರಬಾರದು ಎಂಬ ನಿಯಮ ಇದೆ. ಅಂದರೆ 90ರ ಒಳಗೆ ಇರಬೇಕು. 210 ಇಟ್ಟುಕೊಂಡು ರಿಲೇ ಹಾಕಿದರೆ ದಿನಾ ಬೀಳುತ್ತದೆ. ದಿನಾ ಬಿದ್ದರೆ ಯಾರೋ ಒಬ್ಬರು ಸೆಟ್ಟಿಂಗನ್ನು 3 ಆಂಪ್‌ಗೆ ತಿರುಗಿಸುತ್ತಾರೆ. ಆಮೇಲೆ ಅದನ್ನು ಯಾರೂ ಮತ್ತೆ ಇಳಿಸುವುದಿಲ್ಲ. ಹಾಗಾಗಿ ರೋಗಕ್ಕೆ ಮೊದಲು ಮದ್ದು.

ಓವನ್‌ನಲ್ಲಿ 2 ಕಿಲೋವ್ಯಾಟ್‌ನ 9 ರಾಡ್ ಇವೆ. ಲೈನ್ ಆಫ್ ಮಾಡಿ, ಬೀಗ ಹಾಕಿ, ಬೀಗದ ಕೈ ಜೇಬಿಗೆ ಹಾಕಿಕೊಂಡೆ. 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್, ಮೆಗಾಓಮ್ ಜಾಸ್ತಿ ಇದ್ದಷ್ಟೂ ಸೋರಿಕೆ ಕಡಿಮೆ) ಹಾಕಿದರೆ ಇಡೀ ಓವನ್ ಸೊನ್ನೆ. ರಾಡ್‌ಗಳನ್ನು ಒಂದಕ್ಕೊಂದು ಸೇರಿಸುವ ಸ್ಟಾರ್ ಪಟ್ಟಿ ಬಿಚ್ಚಿ ಒಂದೊಂದೇ ರಾಡ್ ನೋಡಿದೆ. 6 ರಾಡ್ 50 ಮೆಗಾಓಮ್‌ಗಿಂತ ಮೇಲೆ. ಎರಡು ರಾಡ್ 0.3 ಮತ್ತು 0.4. ಒಂದು ಸೊನ್ನೆ.

ಆ ಸೊನ್ನೆಯೇ ಕಳ್ಳ. 0.3 ಮೆಗಾಓಮ್ ರಾಡ್‌ಗಳಿಂದ ಸೋರುವುದು 1 ಮಿಲಿಆಂಪ್‌ಗೂ ಕಡಿಮೆ. ಅವು 180ಕ್ಕೆ ಕಾರಣ ಆಗಲು ಸಾಧ್ಯವಿಲ್ಲ. ಆದರೂ ಹಾಗೇ ಬಿಡಲಿಲ್ಲ. ಇಂಥ ರಾಡ್ ಒಳಗೆ ಮೆಗ್ನೀಷಿಯಂ ಆಕ್ಸೈಡ್ ಪುಡಿ ತುಂಬಿರುತ್ತದೆ. ತುದಿಯ ಸೀಲ್ ಒಡೆದರೆ ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಎರಡನ್ನೂ ಬಿಚ್ಚಿ ಚಿಕ್ಕ ಒಣಗಿಸುವ ಓವನ್‌ನಲ್ಲಿ 150 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ತಣ್ಣಗಾದ ಮೇಲೆ 40 ಮೆಗಾಓಮ್‌ ದಾಟಿತ್ತು. ತುದಿಗೆ ಶಾಖ ತಡೆಯುವ ಸಿಲಿಕೋನ್ ಹಚ್ಚಿ ವಾಪಸ್ ಕೂರಿಸಿದೆ. ಸತ್ತಿದ್ದ ರಾಡ್ ಬದಲಾಯಿಸಿದೆ. ಓವನ್ ಸೋರಿಕೆ 180ರಿಂದ 3 ಮಿಲಿಆಂಪ್‌ಗೆ ಇಳಿಯಿತು. ಒಟ್ಟು 41.

ಒಂದು ಗಂಟೆ ದಂಡ ಆಗಿದ್ದನ್ನೂ ಬರೆಯಬೇಕು. ಲೈಟ್ ಲೈನ್ ಮೆಗ್ಗರ್ ಮಾಡಿದಾಗ ತೀರಾ ಕಡಿಮೆ ತೋರಿಸಿತು. ಜಂಕ್ಷನ್ ಬಾಕ್ಸ್ ಒಂದೊಂದೇ ಬಿಚ್ಚುತ್ತಾ ಹೋದೆ, ಎಲ್ಲೂ ಏನೂ ಇಲ್ಲ. ಕಡೆಗೆ ನೆನಪಾಯಿತು, ಆ ಲೈನ್‌ಗೆ ಸರ್ಜ್ ಅರೆಸ್ಟರ್ (ವೋಲ್ಟೇಜ್ ಹಠಾತ್ತನೆ ಏರಿದರೆ ಅದನ್ನು ಅರ್ತ್‌ಗೆ ಇಳಿಸುವ ಸಾಧನ) ಇದೆ. ಅದರೊಳಗಿನ ವೇರಿಸ್ಟರ್ 500 ವೋಲ್ಟ್ ಡಿಸಿಗೆ ಬಾಯಿ ಬಿಟ್ಟು ಕರೆಂಟ್ ಹರಿಯಲು ಬಿಡುತ್ತದೆ, ಅದು ಅದರ ಗುಣ. ಕಾರ್ಟ್ರಿಡ್ಜ್ ಕಿತ್ತು ನೋಡಿದರೆ 80 ಮೆಗಾಓಮ್. ಪಂಪ್ ಲೈನ್‌ನಲ್ಲಿ ಮಾತ್ರ ಮೊದಲೇ ಎಚ್ಚರ ಇತ್ತು. ಡ್ರೈವ್‌ನ ಎರಡೂ ಕಡೆ ವೈರ್ ಬಿಚ್ಚಿಯೇ ಮೆಗ್ಗರ್ ಹಾಕಿದೆ. ಇಲ್ಲದಿದ್ದರೆ ಡ್ರೈವ್ ಹೋಗುತ್ತಿತ್ತು.

4ನೇ ದಿನ: ಕೂರಿಸಿದ್ದು

ತಂದ ಸಾಮಾನು: ಡಿಜಿಟಲ್ ಡಿಸ್‌ಪ್ಲೇ ಇರುವ ಟೈಪ್ ಎ (ಎಸಿ ಮತ್ತು ಏರಿಳಿಯುವ ಡಿಸಿ ಸೋರಿಕೆ ಹಿಡಿಯುವ) ರಿಲೇ, ಸೆಟ್ಟಿಂಗ್ 30 ಮಿಲಿಆಂಪ್‌ನಿಂದ 10 ಆಂಪ್, ಡಿಲೇ (ಬೀಳಿಸುವ ಮೊದಲು ಕಾಯುವ ಸಮಯ) 0ಯಿಂದ 5 ಸೆಕೆಂಡ್. 70 ಎಂಎಂ ಒಳ ವ್ಯಾಸದ ಸಿಬಿಸಿಟಿ, ಅಂದರೆ ತನ್ನೊಳಗೆ ಹಾದುಹೋಗುವ ಕರೆಂಟ್‌ನ ವ್ಯತ್ಯಾಸವನ್ನು ರಿಲೇಗೆ ತಿಳಿಸುವ ಉಂಗುರ. ಎಂಸಿಸಿಬಿಗೆ 230 ವೋಲ್ಟ್ ಶಂಟ್ ಕಾಯಿಲ್ (ಕರೆಂಟ್ ಕೊಟ್ಟರೆ ಬ್ರೇಕರನ್ನು ಬೀಳಿಸುವ ಕಾಯಿಲ್). ಎರಡು ಕೋರ್ ಶೀಲ್ಡ್ ಕೇಬಲ್ 2 ಮೀಟರ್. 2 ಆಂಪ್ ಫ್ಯೂಸ್. ಸಿಬಿಸಿಟಿಯನ್ನು ನಮ್ಮಲ್ಲಿ ಬಳೆ ಅಂತಲೇ ಕರೆಯುತ್ತಾರೆ, ಇಲ್ಲೂ ಹಾಗೇ ಬರೆಯುತ್ತೇನೆ. ಮೂರೂ ಫೇಸ್ ಮತ್ತು ನ್ಯೂಟ್ರಲ್ ಬಳೆಯೊಳಗೆ ಹೋಗಬೇಕು, ಅರ್ತ್ ಹೋಗಬಾರದು. ಹೋದ ಕರೆಂಟೆಲ್ಲ ವಾಪಸ್ ಬಂದರೆ ಬಳೆಗೆ ಏನೂ ಕಾಣುವುದಿಲ್ಲ. ಎಲ್ಲೋ ಅರ್ತ್‌ಗೆ ಸೋರಿದರೆ ಅಷ್ಟು ವ್ಯತ್ಯಾಸ ಕಾಣುತ್ತದೆ.

ಈ ನಿಯಮ ನನಗೆ ಬಾಯಿಪಾಠ. ಆದರೂ ಎಡವಿದೆ.

ಕೇಬಲ್ ಪ್ಯಾನಲ್ ಒಳಗೆ ಬರುವ ಕಡೆ ಅದನ್ನೂ ಆರ್ಮರನ್ನೂ ಹಿಡಿದುಕೊಳ್ಳುವ ಲೋಹದ ಬಿಗಿತವೇ ಗ್ಲ್ಯಾಂಡ್. ಪ್ಯಾನಲ್ ಒಳಗೆ ಗ್ಲ್ಯಾಂಡ್ ಪ್ಲೇಟ್‌ಗೂ ಎಂಸಿಸಿಬಿಗೂ ನಡುವೆ ಜಾಗ ಬಹಳ ಕಡಿಮೆ. ಕೋರ್‌ಗಳು ಅಲ್ಲೇ ಅಗಲಕ್ಕೆ ಬಿಚ್ಚಿಕೊಳ್ಳುತ್ತವೆ. ಗ್ಲ್ಯಾಂಡ್ ಕೆಳಗೆ ಹೊರಗಡೆ ಮಾತ್ರ ಕೇಬಲ್ ನೇರವಾಗಿ, ದುಂಡಗೆ, ಚೆನ್ನಾಗಿ ನಿಂತಿತ್ತು. 4 ಗಂಟೆ ಶಟ್‌ಡೌನ್ ಸಿಕ್ಕಿತ್ತು. ಕೇಬಲ್ ತುದಿ ಬಿಚ್ಚಿ, ಗ್ಲ್ಯಾಂಡ್ ಇಳಿಸಿ, ಬಳೆಯನ್ನು ಇಡೀ ಕೇಬಲ್‌ಗೆ ತೊಡಿಸಿ, ಮತ್ತೆ ಗ್ಲ್ಯಾಂಡ್ ಕಟ್ಟಿದೆ. ಅಂದರೆ ಆರ್ಮರ್ ಕೂಡ ಬಳೆಯೊಳಗೇ ಹೋಯಿತು. ಆ ಹೊತ್ತಿನಲ್ಲಿ ಆರ್ಮರನ್ನು ಬರೀ ಕವಚ ಎಂದೇ ನೋಡುತ್ತಿದ್ದೆ. ಅದು ಎರಡೂ ತುದಿಯಲ್ಲಿ ಅರ್ತ್ ಆಗಿದೆ, ಅದೂ ಒಂದು ಅರ್ತ್ ವೈರೇ ಎಂದು ತಲೆಗೆ ಹೊಳೆಯಲಿಲ್ಲ.

ಬಳೆಯಿಂದ ರಿಲೇಗೆ ಶೀಲ್ಡ್ ಕೇಬಲ್ ಎಳೆದೆ, ಪವರ್ ಕೇಬಲ್‌ಗಳಿಂದ ದೂರ ಇಟ್ಟು. ರಿಲೇ ಸಪ್ಲೈಯನ್ನು ಫ್ಯೂಸ್ ಮೂಲಕ ಎಂಸಿಸಿಬಿಯ ಒಳಬರುವ ಟರ್ಮಿನಲ್‌ಗಳಿಂದ ತೆಗೆದುಕೊಂಡೆ. ಬ್ರೇಕರ್ ಬಿದ್ದ ಮೇಲೂ ರಿಲೇ ಎಚ್ಚರವಾಗಿದ್ದರೆ ಯಾಕೆ ಬಿತ್ತು ಅಂತ ಡಿಸ್‌ಪ್ಲೇಯಲ್ಲಿ ನೋಡಬಹುದು. ಫೇಸ್ ನ್ಯೂಟ್ರಲ್ ಎರಡನ್ನೂ ಬಳೆಯ ಒಂದೇ ಬದಿಯಿಂದ ತೆಗೆಯಬೇಕು. ಒಂದು ಆ ಕಡೆ, ಒಂದು ಈ ಕಡೆ ಆದರೆ ರಿಲೇಯ ಸ್ವಂತ ಕರೆಂಟೇ ಸೋರಿಕೆಯಾಗಿ ಕಾಣುತ್ತದೆ.

ಸೆಟ್ಟಿಂಗ್ 300 ಮಿಲಿಆಂಪ್, ಡಿಲೇ 0. ಟೆಸ್ಟ್ ಬಟನ್ ಒತ್ತಿದೆ. ಬ್ರೇಕರ್ ಬಿತ್ತು. ರಿಸೆಟ್ ಮಾಡಿ ಮತ್ತೆ ಒತ್ತಿದೆ, ಮತ್ತೆ ಬಿತ್ತು. ಎಲ್ಲ ಲೋಡ್ ಹಾಕಿದೆ. ಡಿಸ್‌ಪ್ಲೇಯಲ್ಲಿ 2 ಮಿಲಿಆಂಪ್.

ಖುಷಿಪಟ್ಟೆ. ಹಿಂದಿನ ದಿನ ಕ್ಲ್ಯಾಂಪ್‌ನಲ್ಲಿ 41 ನೋಡಿದ್ದವನು, ಈಗ 2 ಯಾಕೆ ಎಂದು ನಿಲ್ಲಿಸಿ ಕೇಳಿಕೊಳ್ಳಲಿಲ್ಲ. ಈ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದೇ. ಸಾಕ್ಷಿ ಕಣ್ಣೆದುರು ಹೊಳೆಯುತ್ತಿತ್ತು.

ಸಂಜೆ 6:40ಕ್ಕೆ ಫೋನ್ ಬಂತು: "ಪೂರ್ತಿ ಕರೆಂಟ್ ಹೋಯ್ತು." ರಾತ್ರಿ ಪಾಳಿ ಇಲ್ಲ, ಬೆಳಿಗ್ಗೆ ನೋಡ್ತೀನಿ ಅಂದೆ.

5ನೇ ದಿನ: ಸುಟ್ಟ ಕಾಯಿಲ್, ಸಾಲದ ನ್ಯೂಟ್ರಲ್

ಪ್ಯಾನಲ್ ಬಾಗಿಲು ತೆಗೆದರೆ ವಾರ್ನಿಷ್ ಸುಟ್ಟ ವಾಸನೆ. ಶಂಟ್ ಕಾಯಿಲ್ ಕಪ್ಪಗಾಗಿತ್ತು.

ಕಾರಣ ಸರಳ. ಟ್ರಿಪ್ ಆದ ರಿಲೇ ರಿಸೆಟ್ ಮಾಡುವವರೆಗೆ ಲ್ಯಾಚ್ ಆಗಿಯೇ, ಅಂದರೆ ಟ್ರಿಪ್ ಸ್ಥಿತಿಯಲ್ಲೇ ಇರುತ್ತದೆ. ಅದರ ಕಾಂಟ್ಯಾಕ್ಟ್ ಮೂಲಕ ಕಾಯಿಲ್‌ಗೆ 230 ವೋಲ್ಟ್ ರಾತ್ರಿಯಿಡೀ ಹೋಗುತ್ತಲೇ ಇತ್ತು. ಆ ಕಾಯಿಲ್ ಒಂದು ಕ್ಷಣ ಒದ್ದು ಸುಮ್ಮನಾಗಲು ಮಾಡಿದ್ದು, 12 ಗಂಟೆ ಕೆಲಸ ಮಾಡಲು ಅಲ್ಲ. ಎಂಸಿಸಿಬಿಯ ಸಹಾಯಕ ಕಾಂಟ್ಯಾಕ್ಟನ್ನು ಕಾಯಿಲ್ ಜೊತೆ ಸೀರೀಸ್‌ನಲ್ಲಿ ಹಾಕಬೇಕಿತ್ತು. ಬ್ರೇಕರ್ ಆನ್ ಇದ್ದಾಗ ಮುಚ್ಚಿರುವ, ಬಿದ್ದಾಗ ತೆರೆಯುವ ಕಾಂಟ್ಯಾಕ್ಟ್. ಬ್ರೇಕರ್ ಬಿದ್ದ ಕೂಡಲೇ ಕಾಯಿಲ್‌ಗೆ ಸಪ್ಲೈ ತಾನೇ ಕಟ್ ಆಗುತ್ತದೆ. ಹೊಸ ಕಾಯಿಲ್, ಸಹಾಯಕ ಕಾಂಟ್ಯಾಕ್ಟ್ ಎರಡೂ ಹಾಕಲು 2 ಗಂಟೆ.

ಅಂಡರ್‌ವೋಲ್ಟೇಜ್ ಕಾಯಿಲ್ (ಸಪ್ಲೈ ಹೋದರೆ ಬ್ರೇಕರ್ ಬೀಳಿಸುವಂಥದ್ದು) ಹಾಕಬಹುದಿತ್ತಲ್ವಾ ಎಂದು ಜೊತೆಯವರೊಬ್ಬರು ಕೇಳಿದರು. ಅದು ಇನ್ನೂ ಭದ್ರ, ನಿಜ. ಕಾಯಿಲ್ ವೈರ್ ಕಟ್ಟಾದರೂ ಬ್ರೇಕರ್ ಬೀಳುತ್ತದೆ. ಆದರೆ ಸಪ್ಲೈ ಒಂದು ಸಲ ಕಣ್ಣು ಮಿಟುಕಿಸಿದರೂ ಇಡೀ ವರ್ಕ್‌ಶಾಪ್ ಆಫ್ ಆಗುತ್ತದೆ. ಹಾಗಾಗಿ ಶಂಟ್ ಕಾಯಿಲನ್ನೇ ಉಳಿಸಿಕೊಂಡು, ತಿಂಗಳಿಗೊಮ್ಮೆ ಬ್ರೇಕರ್ ಬೀಳಿಸಿ ನೋಡುವುದು ಅಂತ ತೀರ್ಮಾನ ಮಾಡಿದೆ.

ಮುಂದಿನದು, ಬಿದ್ದದ್ದು ಯಾಕೆ? ರಿಲೇ ನೆನಪಿನಲ್ಲಿ ಇದ್ದದ್ದು 1.3 ಆಂಪ್. ಸಂಜೆ 6:40ಕ್ಕೆ ಏನು ಆನ್ ಆಗುತ್ತದೆ? ಅಂಗಳದ ಲೈಟುಗಳು, ಟೈಮರ್ ಮೇಲೆ. 1ನೇ ದಿನ ಮಧ್ಯಾಹ್ನ ಅಳೆದಾಗ ಅವು ಆಫ್ ಇದ್ದವು.

ಟೈಮರ್ ಕೈಯಿಂದ ತಿರುಗಿಸಿ, ಅಂಗಳದ ಲೈನ್‌ನ ಫೇಸ್ ಮತ್ತು ಅದರದ್ದು ಅಂತ ಗುರುತು ಹಾಕಿದ್ದ ನ್ಯೂಟ್ರಲ್ ಎರಡನ್ನೂ ಕ್ಲ್ಯಾಂಪ್ ಒಳಗೆ ಹಿಡಿದೆ. 1.3 ಆಂಪ್. ನ್ಯೂಟ್ರಲ್ ಒಂದನ್ನೇ ಹಿಡಿದರೆ ಸೊನ್ನೆ. ಕರೆಂಟ್ ನಮ್ಮ ಪ್ಯಾನಲ್‌ನಿಂದ ಹೋಗಿ ಬೇರೆಲ್ಲೋ ವಾಪಸ್ ಹೋಗುತ್ತಿತ್ತು. ವೈರ್ ಬೆನ್ನಟ್ಟಿ ಹೋದೆ. ಪಕ್ಕದ ಶೆಡ್‌ನ ಪ್ಯಾನಲ್‌ನ ನ್ಯೂಟ್ರಲ್ ಬಾರ್‌ಗೆ ಸೇರಿಕೊಂಡಿತ್ತು. ಹಿಂದೆ ಯಾರೋ ಹತ್ತಿರ ಆಗುತ್ತದೆ ಅಂತ ಅಲ್ಲಿಂದ ಸಾಲ ತಂದಿದ್ದಾರೆ. ಲೈಟು ಉರಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಇದು ಬರೀ ಟ್ರಿಪ್ ತೊಂದರೆ ಅಲ್ಲ. ಪಕ್ಕದ ಪ್ಯಾನಲ್ ಆಫ್ ಮಾಡಿ ನ್ಯೂಟ್ರಲ್ ಬಿಚ್ಚಲು ಕೈ ಹಾಕಿದವನಿಗೆ ನಮ್ಮ ಲೈಟಿನ ಮೂಲಕ ಪೂರ್ತಿ ಕರೆಂಟ್ ಹೊಡೆಯುತ್ತದೆ. 30 ಮೀಟರ್ ಹೊಸ ನ್ಯೂಟ್ರಲ್ ಎಳೆದು ನಮ್ಮ ಬಾರ್‌ಗೆ ತಂದೆ. ಅರ್ಧ ದಿನ.

ಈ ಟ್ರಿಪ್‌ನಿಂದ ನನ್ನ ನಂಬಿಕೆ ಇನ್ನೂ ಗಟ್ಟಿಯಾಯಿತು. ರಿಲೇ ನಿಜವಾದ ತಪ್ಪನ್ನೇ ಹಿಡಿದಿದೆ, ಅಂದಮೇಲೆ ಬಳೆ ಸರಿಯಿದೆ ಅಂದುಕೊಂಡೆ. ಸಾಲದ ನ್ಯೂಟ್ರಲ್ ಕರೆಂಟ್ ಆರ್ಮರ್ ಮೂಲಕ ವಾಪಸ್ ಬರುವುದಿಲ್ಲ, ಅದಕ್ಕೇ ಕಂಡಿತು. ಅರ್ತ್‌ಗೆ ಸೋರುವ ಕರೆಂಟ್ ವಿಷಯವೇ ಬೇರೆ.

7ನೇ ದಿನ: ಎರಡು ಬಲ್ಬು

ರಿಜಿಸ್ಟರ್‌ನಲ್ಲಿ ಸಹಿ ಹಾಕುವ ಮುಂಚೆ ನಿಜವಾದ ಸೋರಿಕೆ ಕೊಟ್ಟು ನೋಡೋಣ ಅನ್ನಿಸಿತು. 60 ವ್ಯಾಟ್‌ನ ಹಳೆಯ ತಂತಿ ಬಲ್ಬು ಎರಡು ಪ್ಯಾರಲಲ್ ಮಾಡಿ ಒಂದು ಹಲಗೆಗೆ ಹಾಕಿದೆ. 230 ವೋಲ್ಟ್‌ಗೆ ಒಂದೊಂದು ಸುಮಾರು 260 ಮಿಲಿಆಂಪ್ ಎಳೆಯುತ್ತದೆ. ಎರಡೂ ಸೇರಿ 500 ದಾಟುತ್ತದೆ. ಎಲ್ಲ ಮೆಷಿನ್ ಆಫ್, ಎಲ್ಲರೂ ಹೊರಗೆ. ಅರ್ತ್ ಬಾರ್‌ನ ಎಲ್ಲ ಜಾಯಿಂಟ್ ಒಮ್ಮೆ ಪರೀಕ್ಷಿಸಿ, ಒಂದು ಖಾಲಿ ಬ್ರೇಕರ್‌ನ ಫೇಸ್‌ಗೂ ಅರ್ತ್ ಬಾರ್‌ಗೂ ನಡುವೆ ಹಲಗೆಯ ವೈರ್ ಕಟ್ಟಿದೆ. ಅರ್ತ್ ಸರಿಯಿಲ್ಲದ ಕಡೆ ಇದನ್ನು ಮಾಡಲೇಬಾರದು, ಎಲ್ಲ ಬಾಡಿಗಳಿಗೂ ಕರೆಂಟ್ ಏರುತ್ತದೆ.

ಬ್ರೇಕರ್ ಆನ್ ಮಾಡಿದೆ.

ಬಲ್ಬು ಹೊತ್ತಿಕೊಂಡಿತು. ಹಾಗೇ ಉರಿಯುತ್ತಿತ್ತು. ಅರ್ಧ ಆಂಪ್ ನೇರವಾಗಿ ಅರ್ತ್‌ಗೆ ಹೋಗುತ್ತಿದೆ, ರಿಲೇಯ ಹಸಿರು ಲೈಟು ಆರಾಮಾಗಿ ಉರಿಯುತ್ತಿದೆ. ಡಿಸ್‌ಪ್ಲೇಯಲ್ಲಿ 20 ಮಿಲಿಆಂಪ್. ಅಲ್ಲೇ ನಿಂತು ಟೆಸ್ಟ್ ಬಟನ್ ಒತ್ತಿದೆ. ಬ್ರೇಕರ್ ಟಕ್ ಅಂತ ಬಿತ್ತು.

ಕೈ ಸ್ವಲ್ಪ ನಡುಗಿತು. ಮೂರು ದಿನದಿಂದ ಜನ ಈ ರಿಲೇ ನಂಬಿಕೊಂಡು ಕೆಲಸ ಮಾಡಿದ್ದಾರೆ. ನಾನೇ ಅವರಿಗೆ ಇನ್ನು ಭಯ ಇಲ್ಲ ಅಂದಿದ್ದೆ.

ಮತ್ತೆ ಆನ್ ಮಾಡಿ ಕ್ಲ್ಯಾಂಪ್ ಹಿಡಿದು ಹೊರಟೆ. ಬಲ್ಬಿನ ವೈರ್‌ನಲ್ಲಿ 510. ಟ್ರಾನ್ಸ್‌ಫಾರ್ಮರ್ ಕಡೆ ಹೋಗುವ ಅರ್ತ್ ಪಟ್ಟಿಯಲ್ಲಿ ಬರೀ 20. ಮಿಕ್ಕ 490 ಗ್ಲ್ಯಾಂಡ್ ಮೂಲಕ ಆರ್ಮರ್‌ಗೆ ಇಳಿದು ವಾಪಸ್ ಹೋಗುತ್ತಿತ್ತು. ಫೇಸ್‌ನಲ್ಲಿ ಬಳೆಯೊಳಗೆ ಬಂದ 510ರಲ್ಲಿ 490 ಆರ್ಮರ್‌ನಲ್ಲಿ ಅದೇ ಬಳೆಯೊಳಗೆ ವಾಪಸ್. ಬಳೆಗೆ ಕಂಡಿದ್ದು 20 ಮಾತ್ರ. ಟೆಸ್ಟ್ ಬಟನ್ ನೋಡುವುದು ರಿಲೇ, ಕಾಯಿಲ್, ಬ್ರೇಕರ್ ಇಷ್ಟನ್ನೇ. ಬಳೆಯೊಳಗೆ ಏನೇನು ಹಾದುಹೋಗಿದೆ ಎಂದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ.

ಅರ್ತ್ ಪಟ್ಟಿಯಲ್ಲಿ ಅಷ್ಟು ಕಡಿಮೆ ಯಾಕೆ ಎಂದೂ ಹುಡುಕಿದೆ. ಒಂದು ಬೋಲ್ಟ್ ಜಾಯಿಂಟ್ ಪೂರ್ತಿ ತುಕ್ಕು ಹಿಡಿದಿತ್ತು. ಉಜ್ಜಿ, ಹೊಸ ಬೋಲ್ಟ್ ಹಾಕಿ ಬಿಗಿ ಮಾಡಿದೆ.

ಮೊದಲ ರಿಪೇರಿ ಪ್ರಯತ್ನ, ವಿಫಲ: ಗ್ಲ್ಯಾಂಡ್‌ನಿಂದ ಬರುವ ಅರ್ತ್ ವೈರನ್ನು ಬಳೆಯೊಳಗೆ ಹಿಮ್ಮುಖವಾಗಿ ತಂದು ಆಮೇಲೆ ಅರ್ತ್ ಬಾರ್‌ಗೆ ಕಟ್ಟಿದರೆ, ಆರ್ಮರ್‌ನ ಕರೆಂಟ್ ಬಳೆಯಲ್ಲಿ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಹೋಗಿ ರದ್ದಾಗುತ್ತದೆ. ಇದು ಸರಿಯಾದ ವಿಧಾನವೇ. ಮಾಡಿದೆ. ಬಲ್ಬು ಹಾಕಿದೆ. ಮತ್ತೆ ಉರಿಯುತ್ತಲೇ ಇತ್ತು. ಗ್ಲ್ಯಾಂಡ್ ನೇರವಾಗಿ ಲೋಹದ ಪ್ಲೇಟ್ ಮೇಲೆ ಕೂತಿದೆ. ಪ್ಲೇಟ್ ಪ್ಯಾನಲ್ ಬಾಡಿಗೆ, ಬಾಡಿ ಅರ್ತ್ ಬಾರ್‌ಗೆ. ಕರೆಂಟ್ ನನ್ನ ವೈರನ್ನು ಬಿಟ್ಟು ಪ್ಲೇಟ್ ಮೂಲಕವೇ ಆರ್ಮರ್‌ಗೆ ಇಳಿಯುತ್ತಿತ್ತು. ಗ್ಲ್ಯಾಂಡನ್ನು ಪ್ಲೇಟ್‌ನಿಂದ ಇನ್ಸುಲೇಟ್ ಮಾಡಿದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ. ಆ ಗ್ಲ್ಯಾಂಡ್‌ಗೆ ಅಂಥ ಬುಷ್ ಸಿಗಲಿಲ್ಲ.

ಅಂದೇ ರಿಲೇ ಮೇಲೆ "ಕೆಲಸ ಮಾಡುತ್ತಿಲ್ಲ" ಎಂದು ದಪ್ಪ ಅಕ್ಷರದಲ್ಲಿ ಚೀಟಿ ಅಂಟಿಸಿದೆ.

9ನೇ ದಿನ: ಬಳೆ ಒಳಗೆ

6 ಗಂಟೆ ಶಟ್‌ಡೌನ್. ಗ್ಲ್ಯಾಂಡ್ ಬಿಚ್ಚಿ ಬಳೆ ಹೊರತೆಗೆದೆ. ಗ್ಲ್ಯಾಂಡ್ ಪ್ಲೇಟ್ ಅಡಿಗೆ ಒಂದು ಪೆಟ್ಟಿಗೆಯಂಥ ಚೌಕಟ್ಟು ಕಟ್ಟಿ ಪ್ಲೇಟನ್ನು 120 ಎಂಎಂ ಕೆಳಗೆ ಇಳಿಸಿದೆ. ಇದಕ್ಕೇ ಮೂರು ಗಂಟೆ ಹೋಯಿತು. ಆದರೆ ಇದು ಮೊದಲ ದಿನವೇ ಮಾಡಬೇಕಾದ ಕೆಲಸ. ಈಗ ಆರ್ಮರ್ ಗ್ಲ್ಯಾಂಡ್‌ನಲ್ಲೇ ನಿಲ್ಲುತ್ತದೆ, ನಾಲ್ಕು ಕೋರ್ ಮಾತ್ರ ಬಳೆಯೊಳಗೆ ಹೋಗುತ್ತವೆ. ಲಗ್‌ಗಳನ್ನು ಟಾರ್ಕ್ ವ್ರೆಂಚ್‌ನಲ್ಲಿ ಎಂಸಿಸಿಬಿ ಮೇಲೆ ಬರೆದಿದ್ದಷ್ಟೇ ಬಿಗಿ ಮಾಡಿದೆ.

ಬಲ್ಬು ಹಾಕಿದೆ. ಮಿಂಚಿದಂತೆ ಒಮ್ಮೆ ಹೊಳೆದು ಆರಿತು. ಬ್ರೇಕರ್ ಬಿದ್ದಿತ್ತು. ಎಲ್ಲ ಲೋಡ್ ಹಾಕಿದಾಗ ಡಿಸ್‌ಪ್ಲೇಯಲ್ಲಿ 43 ಮಿಲಿಆಂಪ್. ಕ್ಲ್ಯಾಂಪ್‌ನಲ್ಲಿ 42. ಈ ಸಲ ಎರಡನ್ನೂ ಪಕ್ಕಪಕ್ಕ ಬರೆದು ಹೋಲಿಸಿದೆ.

ಅರ್ಧ ಗಂಟೆಯೊಳಗೆ ಕಂಪ್ರೆಸರ್ ಸ್ಟಾರ್ಟ್ ಆಗುವಾಗ ಬ್ರೇಕರ್ ಬಿತ್ತು. ಮತ್ತೆ ಸ್ಟಾರ್ಟ್, ಮತ್ತೆ ಬಿತ್ತು. ಮೋಟಾರ್ ಮೆಲ್ಲಗೆ ಹೊರಡುವ ಸ್ಟಾರ್ ಜೋಡಣೆಯಿಂದ ಪೂರ್ತಿ ಓಡುವ ಡೆಲ್ಟಾ ಜೋಡಣೆಗೆ ಬದಲಾಗುವ ಕ್ಷಣದಲ್ಲೇ.

10ನೇ ದಿನ: ಸೋರಿಕೆ ಇಲ್ಲದ ಟ್ರಿಪ್

ಕಂಪ್ರೆಸರ್ ಮೋಟಾರ್ ಮೆಗ್ಗರ್ ಮಾಡಿದೆ, 100 ಮೆಗಾಓಮ್‌ಗಿಂತ ಜಾಸ್ತಿ. ಸೋರಿಕೆ ಇಲ್ಲ. ಸುಲಭದ ದಾರಿ ಡಿಲೇಯನ್ನು 1 ಸೆಕೆಂಡ್‌ಗೆ ಏರಿಸುವುದು. ಏರಿಸಿ ನೋಡಿದೆ, ಬೀಳಲಿಲ್ಲ. ಆದರೆ ಮನಸ್ಸು ಒಪ್ಪಲಿಲ್ಲ. ಇಲ್ಲದ ಸೋರಿಕೆ ಯಾಕೆ ಕಾಣುತ್ತಿದೆ ಎಂದು ತಿಳಿಯದೆ ಡಿಲೇ ಏರಿಸಿದರೆ ಅದು ಮುಚ್ಚಿಹಾಕಿದ ಹಾಗೆ.

ಬಳೆಯನ್ನು ನೋಡಿದಾಗ ಗೊತ್ತಾಯಿತು. ನಾಲ್ಕೂ ಕೋರ್ ಬಳೆಯ ಒಂದು ಗೋಡೆಗೆ ಆತುಕೊಂಡಿದ್ದವು. ಮೇಲೆ ಬಂದ ತಕ್ಷಣ ಬಾಗುತ್ತಿದ್ದವು. ಸಾಮಾನ್ಯ ಕರೆಂಟ್‌ನಲ್ಲಿ ಇದರಿಂದ ತೊಂದರೆ ಇಲ್ಲ. ಸ್ಟಾರ್ಟಿಂಗ್‌ನ ಭಾರಿ ಕರೆಂಟ್ ಬಂದಾಗ ಬಳೆಯ ಆ ಭಾಗ ಮಾತ್ರ ಜಾಸ್ತಿ ಕಾಂತಗೊಂಡು, ಲೆಕ್ಕ ತಪ್ಪಿ, ಇಲ್ಲದ ವ್ಯತ್ಯಾಸ ತೋರಿಸುತ್ತದೆ. ಬಳೆಯ ಎರಡೂ ಬದಿಗೆ ಅದರ ವ್ಯಾಸದ ಎರಡರಷ್ಟು ಉದ್ದ ಕೋರ್ ನೇರವಾಗಿರಬೇಕು ಅಂತಾರೆ, ಅಂದರೆ 140 ಎಂಎಂ. ನನಗೆ ಸಿಕ್ಕಿದ್ದು 90.

ಬೇಕಲೈಟ್ ಹಾಳೆಯಿಂದ ನಾಲ್ಕು ತೂತಿನ ಬಿಲ್ಲೆ ಎರಡು ಕತ್ತರಿಸಿ, ಬಳೆಯ ಮೇಲೆ ಕೆಳಗೆ ಇಟ್ಟು, ಕೋರ್‌ಗಳನ್ನು ನಡುಮಧ್ಯಕ್ಕೆ ಒತ್ತಾಗಿ ತಂದು ಟೈ ಕಟ್ಟಿದೆ. ಡಿಲೇ ವಾಪಸ್ 0 ಮಾಡಿ ಕಂಪ್ರೆಸರ್ 10 ಸಲ ಸ್ಟಾರ್ಟ್ ಮಾಡಿದೆ, ಪ್ರತಿ ಸಲ ನಡುವೆ ಮೋಟಾರ್ ತಣ್ಣಗಾಗಲು ಸಮಯ ಕೊಟ್ಟು. 10ರಲ್ಲಿ ಒಮ್ಮೆ ಬಿತ್ತು. ಮೊದಲು ಪ್ರತಿ ಸಲ ಬೀಳುತ್ತಿತ್ತು.

ಅದಾದ ಮೇಲೆ ಡಿಲೇ 0.2 ಸೆಕೆಂಡ್‌ಗೆ ಇಟ್ಟೆ. ಇದು ಹೇಗೂ ಬೇಕಿತ್ತು. 300 ಮಿಲಿಆಂಪ್ ರಿಲೇ ಬೆಂಕಿಯಿಂದ, ಉಪಕರಣ ಸುಡುವುದರಿಂದ ಕಾಪಾಡುತ್ತದೆ. ಮನುಷ್ಯನ ಮೈಯಲ್ಲಿ ಹರಿಯುವ ಕರೆಂಟ್ ಅದಕ್ಕಿಂತ ಕಡಿಮೆ ಇದ್ದರೂ ಜೀವ ತೆಗೆಯುತ್ತದೆ. ಅದಕ್ಕೆ ಸಾಕೆಟ್ ಲೈನ್‌ಗಳಿಗೆ ಪ್ರತ್ಯೇಕವಾಗಿ 30 ಮಿಲಿಆಂಪ್ ಆರ್‌ಸಿಸಿಬಿ (ಸೋರಿಕೆ ಕಂಡರೆ ತಾನೇ ಬೀಳುವ ಚಿಕ್ಕ ಬ್ರೇಕರ್) ಮೂರು ಹಾಕಿದೆ. ಕೆಳಗಿನದು ಮೊದಲು ಬೀಳಬೇಕು, ಮೇಲಿನದು ಕಾಯಬೇಕು. ಮೇಲೆ ಡಿಲೇ 0 ಇದ್ದರೆ ಒಂದು ಡ್ರಿಲ್ ಮೆಷಿನ್ ಕೆಟ್ಟರೂ ಇಡೀ ವರ್ಕ್‌ಶಾಪ್ ಕತ್ತಲಾಗುತ್ತದೆ.

ಮೂರರಲ್ಲಿ ಒಂದು ಆರ್‌ಸಿಸಿಬಿ ಲೋಡ್ ಹಾಕಿದ ಕೂಡಲೇ ಬೀಳುತ್ತಿತ್ತು. ಒಂದು ಸಾಕೆಟ್ ಬಾಕ್ಸ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ಸೇರಿಸಿ ಕಟ್ಟಿದ್ದರು. ಬೇರೆ ಮಾಡಿದೆ, ನಿಂತಿತು.

11ನೇ ದಿನ: ಹತ್ತು ಸುತ್ತು

ಬಲ್ಬು ಬೀಳುತ್ತದೋ ಇಲ್ಲವೋ ಎಂದು ಮಾತ್ರ ಹೇಳುತ್ತದೆ. ಎಷ್ಟಕ್ಕೆ ಬೀಳುತ್ತದೆ ಎಂದು ತಿಳಿಯಲು ಇದನ್ನು ಮಾಡಿದೆ. ಮೇನ್ ಆಫ್ ಮಾಡಿ, 1 ಸ್ಕ್ವೇರ್ ಎಂಎಂ ಫ್ಲೆಕ್ಸಿಬಲ್ ವೈರನ್ನು ಬಳೆಯೊಳಗೆ 10 ಸುತ್ತು ಸುತ್ತಿದೆ. 24 ವೋಲ್ಟ್ ಟ್ರಾನ್ಸ್‌ಫಾರ್ಮರ್, 470 ಓಮ್ 5 ವ್ಯಾಟ್ ರೆಸಿಸ್ಟರ್, 1 ಕಿಲೋಓಮ್ 5 ವ್ಯಾಟ್ ವೈರ್‌ವೌಂಡ್ ಪಾಟ್ (ತಿರುಗಿಸಿ ಬದಲಿಸಬಹುದಾದ ರೆಸಿಸ್ಟರ್), ಮಿಲಿಆಂಪ್ ಮೀಟರ್ ಎಲ್ಲ ಸೀರೀಸ್‌ನಲ್ಲಿ. 10 ಸುತ್ತು ಇರುವುದರಿಂದ ವೈರ್‌ನಲ್ಲಿ 1 ಮಿಲಿಆಂಪ್ ಹರಿದರೆ ಬಳೆಗೆ 10 ಎಂದು ಕಾಣುತ್ತದೆ. ಪಾಟ್ ತಿರುಗಿಸಿದರೆ ಸುಮಾರು 160ರಿಂದ 510ರವರೆಗೆ ಸಿಗುತ್ತದೆ, ಅದೂ ಮುಟ್ಟಿದರೂ ಅಪಾಯವಿಲ್ಲದ 24 ವೋಲ್ಟ್‌ನಲ್ಲಿ. ಹೊರಹೋಗುವ ಲೈನ್ ಎಲ್ಲ ಆಫ್ ಇಡಬೇಕು, ಇಲ್ಲದಿದ್ದರೆ ಮಾಮೂಲಿ ಸೋರಿಕೆಯೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಮೇನ್ ಆನ್ ಮಾಡಿ ಪಾಟ್ ನಿಧಾನವಾಗಿ ತಿರುಗಿಸಿದೆ. ಮೂರು ಸಲ ಬಿದ್ದದ್ದು 25.4, 25.2, 25.4 ಮಿಲಿಆಂಪ್‌ಗೆ. ಅಂದರೆ 300ರ ಸೆಟ್ಟಿಂಗ್‌ಗೆ ಸುಮಾರು 254ರಲ್ಲಿ ಬೀಳುತ್ತಿದೆ. ಆರ್‌ಸಿಡಿ ಟೆಸ್ಟರ್‌ನಲ್ಲಿ (ಸೋರಿಕೆ ಸಾಧನಗಳನ್ನು ಪರೀಕ್ಷಿಸುವ ಮೀಟರ್) 300 ಮಿಲಿಆಂಪ್ ಕೊಟ್ಟು ಸಮಯ ನೋಡಿದೆ, ಬ್ರೇಕರ್ ಸೇರಿ 268 ಮಿಲಿಸೆಕೆಂಡ್. ಮೂರೂ ಆರ್‌ಸಿಸಿಬಿಗೆ 15 ಮಿಲಿಆಂಪ್ ಕೊಟ್ಟೆ, ಬೀಳಲಿಲ್ಲ, ಬೀಳಲೂಬಾರದು. 30ಕ್ಕೆ ಮೂರೂ 300 ಮಿಲಿಸೆಕೆಂಡ್ ಮಿತಿಯ ಬಹಳ ಒಳಗೇ ಬಿದ್ದವು. 150ಕ್ಕೆ ಮಿತಿ 40 ಮಿಲಿಸೆಕೆಂಡ್, ಬಂದದ್ದು 14, 16, 14. ಆಗ ಮೇಲಿನ ರಿಲೇ ಅಲುಗಾಡಲಿಲ್ಲ.

ಅಂಗಳದ ಲೈಟು ಆನ್ ಮಾಡಿ, ರಾತ್ರಿ 7 ಗಂಟೆಗೆ ಮತ್ತೊಮ್ಮೆ ಎಲ್ಲ ಲೈನ್ ಅಳೆದೆ. ಒಟ್ಟು 46. ಚೀಟಿ ಕಿತ್ತು ರಿಜಿಸ್ಟರ್‌ಗೆ ಸಹಿ ಹಾಕಿದೆ. ಬಲ್ಬಿನ ಹಲಗೆಯನ್ನು ಪ್ಯಾನಲ್ ಪಕ್ಕದ ಮೊಳೆಗೆ ನೇತುಹಾಕಿದೆ. ತಿಂಗಳ ಪರೀಕ್ಷೆಗೆ ಬಟನ್, ಆರು ತಿಂಗಳಿಗೊಮ್ಮೆ ಹಲಗೆ.

ಒಂದು ಕೆಲಸ ಬಾಕಿ ಇದೆ. ಪಂಪಿನ ಡ್ರೈವ್ ಮೂರು ಫೇಸ್‌ನದು. ಅದರ ಡಿಸಿ ಭಾಗದಲ್ಲಿ ಅಥವಾ ಹೊರಹೋಗುವ ಕೇಬಲ್‌ನಲ್ಲಿ ಸೋರಿದರೆ ನಯವಾದ ಡಿಸಿ ಕರೆಂಟ್ ಅರ್ತ್‌ಗೆ ಹರಿಯಬಹುದು. ಟೈಪ್ ಎ ಬಳೆಗೆ ಅದು ಕಾಣುವುದಿಲ್ಲ. ಅಷ್ಟೇ ಅಲ್ಲ, ಆ ಡಿಸಿ ಬಳೆಯನ್ನು ಮಂಕು ಮಾಡಿ ಬೇರೆ ಲೈನ್‌ನ ಸೋರಿಕೆಯೂ ಕಾಣದಂತೆ ಮಾಡಬಹುದು. ಪಂಪ್ ಲೈನ್‌ಗೆ ಪ್ರತ್ಯೇಕವಾಗಿ, ನಯವಾದ ಡಿಸಿಯನ್ನೂ ಹಿಡಿಯುವ ಟೈಪ್ ಬಿ ಸಾಧನ ಬೇಕು. ಅಲ್ಲಿಯವರೆಗೆ ಪಂಪ್ ಬಾಡಿಗೆ ಎರಡನೇ ಅರ್ತ್ ವೈರ್ ಹಾಕಿದ್ದೇನೆ, ವಾರಕ್ಕೊಮ್ಮೆ ಅದರ ಲಗ್ ಎಳೆದು ನೋಡುತ್ತೇನೆ. ಸಾಮಾನು ಬಂದ ಮೇಲೆ ಮುಂದಿನ ಶಟ್‌ಡೌನ್‌ನಲ್ಲಿ ಅದನ್ನು ಹಾಕುತ್ತೇನೆ.